ಸೆಕೆಂಡ್‌ಹ್ಯಾಂಡ್ ಐಷಾರಾಮಿ ಕನ್ವರ್ಟಿಬಲ್ ಕೊಳ್ಳುವ ಮುನ್ನ: ಟೈರಿನ ಸವೆತ, ಸವಾರಿಯ ಹಿತ ಪರೀಕ್ಷಿಸುವ ಕ್ರಮ

ಬೆಂಗಳೂರಿನ ಹಳೆಯ ಕಾರುಗಳ ಮಾರುಕಟ್ಟೆಗೆ ಬರುವ ಐಷಾರಾಮಿ ಕನ್ವರ್ಟಿಬಲ್‌ಗಳು, ಅಂದರೆ ಛಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಕಾರುಗಳು, ಬಹುಪಾಲು ಮನೆಯ ಎರಡನೆಯದೋ ಮೂರನೆಯದೋ ಕಾರಾಗಿ ಇದ್ದಂಥವು. ವಾರವಿಡೀ ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ನಿಂತು, ಭಾನುವಾರ ಬೆಳಗ್ಗೆ ನಂದಿಬೆಟ್ಟದವರೆಗೋ ಬಿಡದಿಯ ತಟ್ಟೆ ಇಡ್ಲಿಯವರೆಗೋ ಹೋಗಿ ಬರುವ ಇಂಥ ಕಾರು ಏಳು ವರ್ಷಕ್ಕೆ 20,000 ಕಿ.ಮೀ. ಕೂಡ ಓಡಿರದಿದ್ದರೆ ಆಶ್ಚರ್ಯವಿಲ್ಲ. ಕೊಳ್ಳುವವರು ಓಡೋಮೀಟರು ನೋಡಿ ಹಿಗ್ಗುತ್ತಾರೆ. ಆದರೆ ಟೈರಿನ ರಬ್ಬರಿಗೆ ಕಿಲೋಮೀಟರಿನಷ್ಟೇ ವರ್ಷಗಳೂ ಲೆಕ್ಕ. ಓಡದೆ ನಿಂತ ಟೈರು ಸವೆಯುವುದಿಲ್ಲ ನಿಜ, ಆದರೆ ಗಡುಸಾಗುತ್ತದೆ, ಬದಿಗಳಲ್ಲಿ ಸೀಳು ಬಿಡುತ್ತದೆ, ನಿಂತ ಜಾಗದಲ್ಲೇ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಅದೇ ಟೈರು ಇಡೀ ಕಾರಿಗೆ ‘ಸವಾರಿ ಒರಟು’ ಎಂಬ ಹೆಸರು ತರುತ್ತದೆ.

ಸವಾರಿಯ ಒರಟುತನ ಮೂರು ಕಡೆಯಿಂದ ಬರಬಹುದು: ಟೈರಿನಿಂದ, ಸಸ್ಪೆನ್ಷನ್‌ನಿಂದ (ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ವ್ಯವಸ್ಥೆ), ಅಥವಾ ಮೇಲೆ ಬಿಗಿಹಿಡಿಯುವ ಛಾವಣಿಯಿಲ್ಲದ ಬಾಡಿಯಿಂದ. ಟೈರಿನದಾದರೆ ಹಣ ಕೊಟ್ಟು ಒಂದು ಗಂಟೆಯಲ್ಲಿ ಸರಿಪಡಿಸಬಹುದು. ಸಸ್ಪೆನ್ಷನ್‌ನದಾದರೆ ಖರ್ಚು ಹೆಚ್ಚು, ಆದರೂ ದಾರಿಯಿದೆ. ಬಾಡಿಯದಾದರೆ ಹೆಚ್ಚುಕಮ್ಮಿ ಮದ್ದೇ ಇಲ್ಲ. ಹೀಗಿರುವಾಗ ‘ಈ ಕಾರು ಕುಲುಕುತ್ತದೆ’ ಎಂದು ಕೈಬಿಡುವುದೂ, ‘ಕನ್ವರ್ಟಿಬಲ್ ಅಂದರೆ ಹೀಗೇ’ ಎಂದು ಒಪ್ಪಿಕೊಳ್ಳುವುದೂ ಎರಡೂ ಅವಸರದ ತೀರ್ಮಾನಗಳು. ಕುಲುಕಾಟ ಎಲ್ಲಿಂದ ಬರುತ್ತಿದೆ ಎಂದು ಬಿಡಿಸಿ ನೋಡಿದ ಮೇಲೆಯೇ ಬೆಲೆಯ ಮಾತು ಆಡಬೇಕು. ಅದಕ್ಕೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಗಾಳಿಯ ಒತ್ತಡ ನೋಡುವ ಒಂದು ಗೇಜು, ಟೈರಿನ ಮೇಲ್ಮೈಯ ಗೀರಿನ (ಟ್ರೆಡ್) ಆಳ ಅಳೆಯುವ ಒಂದು ಪುಟ್ಟ ಗೇಜು, ಟಾರ್ಚ್ ಇರುವ ಮೊಬೈಲು, ಮಂಡಿಯೂರಿದರೆ ಬೇಸರವಾಗದಂಥ ಹಳೆಯ ಪ್ಯಾಂಟು.

ಹೋಗುವ ಮುನ್ನ: ಅಳತೆಯನ್ನು ಓದಿಕೊಳ್ಳಿ

ಕಾರು ನೋಡಲು ಹೊರಡುವ ಮೊದಲೇ ಮಾರುವವರಿಂದ ನಾಲ್ಕೂ ಟೈರುಗಳ ಬದಿಯ ಬರಹದ ಫೋಟೋ ತರಿಸಿಕೊಳ್ಳಿ. 225/45 ಆರ್ 18 ಎಂದು ಬರೆದಿದ್ದರೆ ಟೈರಿನ ಅಗಲ 225 ಮಿ.ಮೀ., ಬದಿಯ ಗೋಡೆಯ ಎತ್ತರ ಆ ಅಗಲದ ಶೇ. 45, ರಿಮ್ಮಿನ ವ್ಯಾಸ 18 ಇಂಚು ಎಂದರ್ಥ. ಸವಾರಿಯ ಹಿತಕ್ಕೆ ಮುಖ್ಯವಾದದ್ದು ಆ ಬದಿಯ ಗೋಡೆಯ ಎತ್ತರ. ಗುಂಡಿಯ ಪೆಟ್ಟನ್ನು ಮೊದಲು ನುಂಗಬೇಕಾದದ್ದು ಆ ರಬ್ಬರು ಮತ್ತು ಅದರೊಳಗಿನ ಗಾಳಿ, ಸ್ಪ್ರಿಂಗಿನ ಸರದಿ ಅದಾದ ಮೇಲೆ. 225ರ ಶೇ. 45 ಎಂದರೆ ಸುಮಾರು 101 ಮಿ.ಮೀ. ಇನ್ನೋವಾ ಕ್ರಿಸ್ಟಾದ 205/65 ಆರ್ 16 ಟೈರಿನಲ್ಲಿ ಅದೇ ಲೆಕ್ಕ 133 ಮಿ.ಮೀ. ಆಗುತ್ತದೆ. ನಮ್ಮ ರಸ್ತೆಯ ಒಂದು ಗುಂಡಿಗೆ ಇಳಿದಾಗ ಈ ಒಂದೂಕಾಲು ಇಂಚಿನ ವ್ಯತ್ಯಾಸ ಬೆನ್ನುಮೂಳೆಗೆ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಕನ್ವರ್ಟಿಬಲ್‌ಗಳ ಅಳತೆಗಳನ್ನು ಈ ಲೆಕ್ಕದಲ್ಲಿ ನೋಡಬಹುದು. ಮಿನಿ ಕೂಪರ್ ಕನ್ವರ್ಟಿಬಲ್‌ನ 205/45 ಆರ್ 17ರಲ್ಲಿ ಬದಿಯ ಎತ್ತರ ಸುಮಾರು 92 ಮಿ.ಮೀ., ಆಡಿ ಎ5 ಕ್ಯಾಬ್ರಿಯೊಲೆಯ (ಕನ್ವರ್ಟಿಬಲ್‌ಗೆ ಇನ್ನೊಂದು ಹೆಸರು) 245/40 ಆರ್ 18ರಲ್ಲಿ 98 ಮಿ.ಮೀ. ಮರ್ಸಿಡಿಸ್ ಸಿ-ಕ್ಲಾಸ್ ಕ್ಯಾಬ್ರಿಯೊಲೆಯಲ್ಲಿ ಮುಂದೆ 225/45 ಆರ್ 18, ಹಿಂದೆ 245/40 ಆರ್ 18 ಬರುತ್ತದೆ. 19 ಇಂಚಿನ ರಿಮ್ಮು ಹಾಕಿದ ಬಿಎಂಡಬ್ಲ್ಯೂ ಜೆಡ್4ನಲ್ಲಿ ಮುಂದಿನ ಟೈರು 255/35 ಆದರೆ ಬದಿಯ ಎತ್ತರ 89 ಮಿ.ಮೀ.ಗೆ ಇಳಿಯುತ್ತದೆ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದಕ್ಕೆ 18, ಇನ್ನೊಂದಕ್ಕೆ 19 ಇಂಚಿನ ರಿಮ್ಮಿದ್ದು ಉಳಿದದ್ದೆಲ್ಲ ಸಮವಾಗಿದ್ದರೆ, ನೋಟಕ್ಕೆ ಮರುಳಾಗದೆ 18ರದನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ದೊಡ್ಡ ರಿಮ್ಮು ಷೋರೂಮಿನ ದೀಪದ ಕೆಳಗೆ ಚೆಂದ, ನಮ್ಮ ರಸ್ತೆಯ ಉಬ್ಬುಗಳ ಮೇಲಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು ಗುಂಡಗೆ ಇಳಿಜಾರಾಗಿರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಉಬ್ಬುಗಳು ಯಾವ ಮಾನದಂಡಕ್ಕೂ ಸೇರಿದವಲ್ಲವೆಂದು ಎಲ್ಲರಿಗೂ ಗೊತ್ತು.

ಫೋಟೋದಲ್ಲಿ ಇನ್ನೂ ಎರಡು ಗುರುತು ಹುಡುಕಬೇಕು. ಒಂದು, ಕಾರು ಕಂಪನಿಯ ಒಪ್ಪಿಗೆಯ ಗುರುತು: ಬಿಎಂಡಬ್ಲ್ಯೂಗೆ ಪುಟ್ಟ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ ಎಂಬ ಅಕ್ಷರಗಳು. ಇನ್ನೊಂದು, ರನ್‌ಫ್ಲ್ಯಾಟ್ ಗುರುತು. ರನ್‌ಫ್ಲ್ಯಾಟ್ ಎಂದರೆ ಗಾಳಿ ಪೂರ್ತಿ ಹೋದರೂ ಕಾರಿನ ಭಾರ ಹೊರುವಷ್ಟು ಬದಿಯ ಗೋಡೆಯನ್ನು ದಪ್ಪ ಮಾಡಿದ ಟೈರು. ಪಂಕ್ಚರ್ ಆದ ಮೇಲೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಓಡಿಸಬಹುದು. ಮರ್ಸಿಡಿಸ್‌ನಲ್ಲಿ ಎಂಒಇ ಎಂದೂ, ಬೇರೆ ಬೇರೆ ಟೈರು ಕಂಪನಿಗಳಲ್ಲಿ ಆರ್‌ಎಫ್‌ಟಿ, ಜೆಡ್‌ಪಿ, ಎಸ್‌ಎಸ್‌ಆರ್, ಆರ್‌ಒಎಫ್ ಎಂದೂ ಬರೆದಿರುತ್ತಾರೆ. ಆ ದಪ್ಪ ಗೋಡೆ ಸುಲಭವಾಗಿ ಬಾಗುವುದಿಲ್ಲವಾದ್ದರಿಂದ ಸಣ್ಣ ಕಲ್ಲು, ಪ್ಯಾಚು, ಮ್ಯಾನ್‌ಹೋಲ್ ಮುಚ್ಚಳಗಳೆಲ್ಲ ಸ್ಟೇರಿಂಗಿಗೆ ಟಕಟಕನೆ ಬಡಿಯುತ್ತವೆ. ನೀವು ನೋಡಹೊರಟ ಕಾರಿನಲ್ಲಿ ರನ್‌ಫ್ಲ್ಯಾಟ್ ಇದೆಯೋ ಇಲ್ಲವೋ ತಿಳಿಯದೆ ಸವಾರಿಯ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

ಕಾರು ತಣ್ಣಗಿರುವಾಗಲೇ ತಲುಪಿ

ಬೆಳಗ್ಗೆ ಹೋಗುವುದಾಗಿ ಹೇಳಿ, ನೀವು ಬರುವವರೆಗೆ ಕಾರನ್ನು ಓಡಿಸಬಾರದೆಂದು ಮೊದಲೇ ತಿಳಿಸಿಬಿಡಿ. ಟೈರು ತಣ್ಣಗಿರುವಾಗ ನೋಡಿದ ಗಾಳಿಯ ಒತ್ತಡವಷ್ಟೇ ಲೆಕ್ಕಕ್ಕೆ ಬರುತ್ತದೆ. ಸ್ವಲ್ಪ ದೂರ ಓಡಿದರೂ ಒಳಗಿನ ಗಾಳಿ ಬಿಸಿಯಾಗಿ ಗೇಜು ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಬಹುದು. ಸರಿಯಾದ ಒತ್ತಡ ಎಷ್ಟೆಂಬುದು ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ಮುಂದಿನ ಹಿಂದಿನ ಚಕ್ರಗಳಿಗೆ, ಇಬ್ಬರು ಕುಳಿತಾಗ ಹಾಗೂ ಪೂರ್ತಿ ತುಂಬಿದಾಗ ಬೇರೆ ಬೇರೆ ಅಂಕಿ ಇರುವುದುಂಟು. ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಒತ್ತಡ ನಮಗೆ ಬೇಕಾದ ಅಂಕಿಯಲ್ಲ.

ಇಷ್ಟೊಂದು ಗಾಳಿಯ ಚಿಂತೆ ಏಕೆಂದರೆ, ಮಾರುವವರು ಒಂದು ರೂಪಾಯಿ ಖರ್ಚಿಲ್ಲದೆ ಬದಲಿಸಬಹುದಾದ ಏಕೈಕ ಸಂಗತಿ ಅದು. ಹೇಳಿದ್ದಕ್ಕಿಂತ ಐದಾರು ಪಿಎಸ್‌ಐ ಕಡಿಮೆ ಬಿಟ್ಟರೆ ಗಡುಸು ಕಾರೂ ಟೆಸ್ಟ್ ಡ್ರೈವಿನಲ್ಲಿ ಹಾಸಿಗೆಯಂತೆ ತೇಲುತ್ತದೆ. ಇದೆಲ್ಲ ಯಾವಾಗಲೂ ಮೋಸವೆಂದಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಗಾಳಿ ತಾನಾಗಿಯೂ ಇಳಿದಿರುತ್ತದೆ, ಇಲ್ಲವೇ ಅಂಗಡಿಯ ಹುಡುಗ ಎಲ್ಲ ಕಾರಿಗೂ ಒಂದೇ ಅಂಕಿ ಹಾಕಿ ನೂಕಿರುತ್ತಾನೆ. ಕಾರಣ ಏನೇ ಇರಲಿ, ನಾಲ್ಕೂ ಚಕ್ರದ ಅಂಕಿಯನ್ನು ಬರೆದುಕೊಂಡು, ಸರಿಯಾದ ಒತ್ತಡಕ್ಕೆ ತಂದ ಮೇಲೆಯೇ ಓಡಿಸಿ. ಮೂರು ಚಕ್ರ ಸರಿಯಿದ್ದು ಒಂದರಲ್ಲಿ ಮಾತ್ರ ಗಾಳಿ ಬಹಳ ಇಳಿದಿದ್ದರೆ ಅಲ್ಲಿ ನಿಧಾನವಾಗಿ ಸೋರುವ ಪಂಕ್ಚರೋ, ಬಾಗಿದ ಅಥವಾ ಬಿರುಕು ಬಿಟ್ಟ ರಿಮ್ಮೋ ಇದ್ದೀತು.

ಮಂಡಿಯೂರಿ ನೋಡಬೇಕಾದದ್ದು

ಟೈರಿನ ವಯಸ್ಸನ್ನು ಮೊದಲು ನೋಡಿ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದ ಟೈರು. ಈ ನಾಲ್ಕು ಅಂಕಿ ಟೈರಿನ ಒಂದು ಬದಿಯಲ್ಲಷ್ಟೇ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಸವೆತ ಎಷ್ಟೇ ಇರಲಿ ಆರು ವರ್ಷಕ್ಕೆ ಟೈರು ಬದಲಿಸಬೇಕೆಂದು ಮರ್ಸಿಡಿಸ್ ಕೈಪಿಡಿಗಳು ಹೇಳುತ್ತವೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ತಪಾಸಣೆ, ಹತ್ತು ವರ್ಷವಾದರೆ ಕಡ್ಡಾಯವಾಗಿ ಬದಲಾವಣೆ ಎನ್ನುವುದು ಮಿಶೆಲಿನ್ ಸಲಹೆ. ಕಡಿಮೆ ಓಡಿದ ಕನ್ವರ್ಟಿಬಲ್‌ಗೆ ನಾನು ಆರು ವರ್ಷದ ಗೆರೆಯನ್ನೇ ಹಿಡಿಯುತ್ತೇನೆ. ಬದಿಯ ಗೋಡೆಯ ಮೇಲೆ, ಗೀರುಗಳ ಬುಡದಲ್ಲಿ ಒಣಗಿದ ಕೆರೆಯ ಮಣ್ಣಿನಂತೆ ನವಿರು ಬಿರುಕುಗಳು ಕಂಡರೆ ವಯಸ್ಸಿನ ಅಂಕಿಯನ್ನೂ ಕಾಯಬೇಕಿಲ್ಲ. ಕಾರು 2018ರದು, 15,000 ಕಿ.ಮೀ. ಓಡಿದೆ ಎನ್ನುತ್ತಾರೆ, ಆದರೆ ಟೈರುಗಳು ಮಾತ್ರ 2021ರವು ಎಂದಾದರೆ, ಅಷ್ಟು ಬೇಗ ಮೊದಲ ಟೈರುಗಳು ಏಕೆ ಹೋದವು ಎಂದು ಕೇಳುವ ಹಕ್ಕು ನಿಮಗಿದೆ.

ಆಮೇಲೆ ಆಳ. ಹೊಸ ಟೈರಿನ ಗೀರು ಸುಮಾರು ಎಂಟು ಮಿ.ಮೀ. ಆಳವಿರುತ್ತದೆ, ಕಾರಿಗೆ ನಮ್ಮ ಕಾನೂನಿನ ಮಿತಿ 1.6 ಮಿ.ಮೀ. ಆ ಮಿತಿಯನ್ನು ತೋರಿಸಲೆಂದೇ ಗೀರುಗಳ ನಡುವೆ ಅಡ್ಡಲಾಗಿ ಸಣ್ಣ ರಬ್ಬರು ದಿಣ್ಣೆಗಳಿರುತ್ತವೆ. ಮಾರುವವರು ‘ಟೈರು ಅರವತ್ತು ಪರ್ಸೆಂಟ್ ಇದೆ ಸರ್’ ಎನ್ನುವಾಗ ಅವರ ಲೆಕ್ಕ ಸೊನ್ನೆಯಿಂದ ಶುರುವಾಗಿರುತ್ತದೆ, ಅಂದರೆ ಎಂಟರಲ್ಲಿ 4.8 ಮಿ.ಮೀ. ಉಳಿದಿದೆ ಎಂದರ್ಥ. ಬಳಸಬಹುದಾದ ಆಳ 8ರಿಂದ 1.6ರವರೆಗೆ ಮಾತ್ರವಾದ್ದರಿಂದ ನಿಜಕ್ಕೆ ಉಳಿದದ್ದು ಅರ್ಧ. ಮಳೆಗಾಲದಲ್ಲಿ ಚಾರ್ಮಾಡಿಯೋ ಶಿರಾಡಿಯೋ ಇಳಿಯುವ ಉದ್ದೇಶವಿದ್ದರೆ ಮೂರು ಮಿ.ಮೀ.ಗಿಂತ ಕೆಳಗಿಳಿದ ಅಗಲ ಟೈರನ್ನು ನಂಬಬಾರದು. ಟೈರು ಅಗಲವಾದಷ್ಟೂ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು.

ಆಳವನ್ನು ಹೊರ ಅಂಚು, ನಡು, ಒಳ ಅಂಚು ಹೀಗೆ ಮೂರು ಕಡೆ ಅಳೆಯಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಜೊತೆ ಎರಡು ಸೀಟಿನ ಕನ್ವರ್ಟಿಬಲ್ ಒಂದನ್ನು ನೋಡಲು ಹೋಗಿದ್ದೆ. ಟೈರುಗಳಿಗೆ ಕಪ್ಪು ಪಾಲಿಶ್ ಬಳಿದು ಮಿರಮಿರ ಮಿಂಚಿಸಿದ್ದರು. ಹಿಂದಿನ ಎಡ ಟೈರಿನ ಹೊರ ಅಂಚಿನಲ್ಲಿ ಐದು ಮಿ.ಮೀ., ನಡುವೆ ನಾಲ್ಕೂವರೆ. ಒಳ ಅಂಚಿಗೆ ಕೈ ಹೋಗದಿದ್ದರಿಂದ ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೋ ಶುರುಮಾಡಿ, ಬಂಪರಿನ ಕೆಳಗಿನಿಂದ ಫೋನನ್ನು ಟೈರಿನ ಹಿಂದಕ್ಕೆ ತೂರಿಸಿ ಹೊರತೆಗೆದೆ. ವಿಡಿಯೋದಲ್ಲಿ ಒಳಗಿನ ಎರಡು ಬೆರಳಗಲದ ಪಟ್ಟಿ ಪೂರ್ತಿ ಬೋಳಾಗಿತ್ತು. ಅಂಚಿನಲ್ಲಿ ತಂತಿಯ ಎಳೆಗಳು ತುಕ್ಕು ಹಿಡಿದು ಬಟ್ಟೆಯ ದಾರದಂತೆ ಜೋತಿದ್ದವು. ಮಾರುವವರಿಗೆ ತೋರಿಸಿದಾಗ ಅವರ ಮುಖದಲ್ಲೂ ನಿಜವಾದ ಅಚ್ಚರಿಯೇ ಕಂಡಿತು; ಅವರೂ ಹೊರಗಿನಿಂದಲೇ ನೋಡಿದ್ದರು. ಆಮೇಲೆ ಲಿಫ್ಟಿಗೆ ಏರಿಸಿದಾಗ ಆ ಬದಿಯ ಹಿಂದಿನ ಆರ್ಮ್‌ನ (ಚಕ್ರವನ್ನು ಬಾಡಿಗೆ ಜೋಡಿಸುವ ತೋಳು) ಬುಷ್, ಅಂದರೆ ಕೀಲಿನ ರಬ್ಬರು, ಹರಿದಿದ್ದು ಗೊತ್ತಾಯಿತು.

ಹಿಂಚಕ್ರ ಚಾಲನೆಯ ಜರ್ಮನ್ ಕಾರುಗಳಲ್ಲಿ ತಿರುವಿನಲ್ಲಿ ಹಿಡಿತ ಸಿಗಲೆಂದು ಹಿಂದಿನ ಚಕ್ರಗಳನ್ನು ಮೇಲ್ಭಾಗ ತುಸು ಒಳಕ್ಕೆ ವಾಲುವಂತೆ ಕೂರಿಸಿರುತ್ತಾರೆ. ಹೀಗಾಗಿ ಒಳ ಅಂಚು ಸ್ವಲ್ಪ ಹೆಚ್ಚು ಸವೆಯುವುದು ಸಹಜ, ಹೊರಗೂ ಒಳಗೂ ಒಂದು ಮಿ.ಮೀ. ವ್ಯತ್ಯಾಸ ಕಂಡರೆ ಗಾಬರಿ ಬೇಡ. ಮೂರು ನಾಲ್ಕು ಮಿ.ಮೀ. ವ್ಯತ್ಯಾಸವಿದ್ದರೆ ಅಲೈನ್‌ಮೆಂಟ್ (ಚಕ್ರಗಳನ್ನು ಕೂರಿಸಿದ ಕೋನ) ಕೆಟ್ಟಿದೆ, ಬುಷ್ ಹೋಗಿದೆ, ಇಲ್ಲವೇ ಹಿಂದಿನ ಮಾಲೀಕರು ಕಾರನ್ನು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದಾರೆ. ಮುಂದಿನ ಚಕ್ರಗಳ ಒಳ ಅಂಚು ನೋಡಲು ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟರೆ ಸಾಕು.

ಸವೆತದ ಬೇರೆ ಬಗೆಗಳನ್ನು ಬೇಗ ಹೇಳಿ ಮುಗಿಸಬಹುದು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಬಹುಕಾಲ ಕಡಿಮೆ ಗಾಳಿಯಲ್ಲಿ ಓಡಿದೆ, ನಡು ಮಾತ್ರ ಸವೆದಿದ್ದರೆ ಹೆಚ್ಚು ಗಾಳಿಯಲ್ಲಿ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿದಾಗ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದಂತೆ ಹತ್ತಿದರೆ ಚಕ್ರದ ಟೋ ಕೋನ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಮಾತ್ರ ನಿಂತು ಯೋಚಿಸಬೇಕು. ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದ ಗುರುತು ಅದು, ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಸತ್ತಿರುತ್ತದೆ.

ಬದಿಯ ಗೋಡೆಯಲ್ಲಿ ನಿಂಬೆಹಣ್ಣಿನ ಅರ್ಧದಷ್ಟು ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ, ಆ ಟೈರಿನಲ್ಲಿ ಟೆಸ್ಟ್ ಡ್ರೈವಿಗೂ ಹೋಗಬೇಡಿ. ಉಬ್ಬು ಬರಿಸಿದ ಅದೇ ಗುಂಡಿ ರಿಮ್ಮನ್ನೂ ಬಾಗಿಸಿರುವ ಸಾಧ್ಯತೆ ಹೆಚ್ಚು. ಅಲಾಯ್ ರಿಮ್ಮಿನ ಬೆಂಡ್ ತೆಗೆದು, ಬಿರುಕಿಗೆ ವೆಲ್ಡಿಂಗ್ ಮಾಡಿ, ಮೇಲೆ ಹೊಸದಾಗಿ ಬಣ್ಣ ಹೊಡೆದು ಕೊಡುವ ಕೆಲಸ ನಮ್ಮೂರಿನಲ್ಲಿ ಸಲೀಸಾಗಿ ನಡೆಯುತ್ತದೆ. ಹೊರಮುಖ ಹೊಸದರಂತೆ ಹೊಳೆಯುತ್ತಿದ್ದು ಒಳಭಾಗದಲ್ಲಿ ವೆಲ್ಡಿಂಗಿನ ಉಬ್ಬುಗೆರೆ ಕಂಡರೆ ಆ ರಿಮ್ಮಿನ ಬೆಲೆಯನ್ನು ಸೊನ್ನೆಯೆಂದೇ ಹಿಡಿಯಿರಿ.

ರಸ್ತೆಯ ಮೇಲೆ: ಯಾವ ಪೆಟ್ಟು ಎಲ್ಲಿಯದು

ಮಾರುವವರು ಆರಿಸಿದ ರಸ್ತೆಯಲ್ಲಿ ಮಾತ್ರ ಓಡಿಸಿ ಬರಬೇಡಿ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಮಾಡಿದ ಬೆಂಗಳೂರು ನಗರದ ನಡುವಿನ ನುಣುಪು ರಸ್ತೆಗಳಲ್ಲಿ ಎಲ್ಲ ಕಾರೂ ಸುಖವಾಗಿಯೇ ಓಡುತ್ತದೆ. ನಿಮ್ಮ ಪರೀಕ್ಷೆಗೆ ನಾಲ್ಕು ಬಗೆಯ ರಸ್ತೆ ಬೇಕು: ಪ್ಯಾಚು ಬಿದ್ದ ಒಳರಸ್ತೆ, ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ, ಒಂದೆರಡು ಹಂಪು, ಗಂಟೆಗೆ 80ರಿಂದ 100 ಕಿ.ಮೀ. ವೇಗವನ್ನು ಕಾನೂನುಬದ್ಧವಾಗಿ ಮುಟ್ಟಬಹುದಾದ ಹೆದ್ದಾರಿ. ಸಮಯವೂ ಕನಿಷ್ಠ ನಲವತ್ತು ನಿಮಿಷ ಬೇಕು, ಅದಕ್ಕೆ ಕಾರಣವಿದೆ. ಬಹಳ ದಿನ ನಿಂತ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ. ಶುರುವಿನಲ್ಲಿ ದಬದಬ ಎಂದು ತಾಳ ಹಿಡಿದು, ಟೈರು ಬಿಸಿಯಾದಂತೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮಾಯವಾದರೆ ತೊಂದರೆಯಿಲ್ಲ. ಅರ್ಧ ಗಂಟೆ ಕಳೆದರೂ ತಾಳ ನಿಲ್ಲದಿದ್ದರೆ ಆ ಚಪ್ಪಟೆ ಶಾಶ್ವತ, ಟೈರು ಬದಲಿಸದೆ ಹೋಗುವುದಿಲ್ಲ.

ಛಾವಣಿ ಮುಚ್ಚಿ, ಸಂಗೀತ ನಿಲ್ಲಿಸಿ, ಎಸಿಯ ಗಾಳಿ ತಗ್ಗಿಸಿ ಶುರುಮಾಡಿ. ಛಾವಣಿ ತೆರೆದು ಹೋಗುವ ಸಂಭ್ರಮಕ್ಕೆ ಮೊದಲೇ ಬಲಿಯಾದರೆ ಗಾಳಿಯ ಸದ್ದಿನಲ್ಲಿ ಟೈರಿನ ಸದ್ದು ಮುಚ್ಚಿಹೋಗುತ್ತದೆ. ಒಳರಸ್ತೆಯಲ್ಲಿ ಗಂಟೆಗೆ 30 ಕಿ.ಮೀ.ನಲ್ಲಿ ಹೋಗುವಾಗ ಪ್ರತಿ ಪ್ಯಾಚಿಗೂ ಚುಟುಕಾಗಿ, ಚೂಪಾಗಿ ಒಂದು ಪೆಟ್ಟು ಬಡಿದು ಅಲ್ಲಿಗೇ ಮುಗಿದರೆ ಅದು ಟೈರಿನದು: ತೆಳು ಬದಿ, ರನ್‌ಫ್ಲ್ಯಾಟ್, ಗಡುಸಾದ ರಬ್ಬರು, ಅಥವಾ ಹೆಚ್ಚು ಗಾಳಿ. ಪೆಟ್ಟಿನ ಬೆನ್ನಿಗೇ ಕಾರು ಮತ್ತೊಮ್ಮೆ ಮಗದೊಮ್ಮೆ ಎದ್ದು ಕುಳಿತರೆ ಶಾಕ್ ಅಬ್ಸಾರ್ಬರಿನದು. ಮಂದವಾಗಿ, ಮರದ ಪೆಟ್ಟಿಗೆಯ ಮೇಲೆ ಗುದ್ದಿದಂತೆ ಸದ್ದು ಬಂದರೆ ಬುಷ್ ಅಥವಾ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಹಳತಾಗಿದೆ. ಸ್ವಿಚ್ಚಿನಿಂದ ಕಂಫರ್ಟ್, ಸ್ಪೋರ್ಟ್ ಎಂದು ಬದಲಿಸಬಲ್ಲ ಸಸ್ಪೆನ್ಷನ್ ಇರುವ ಕಾರಿನಲ್ಲಿ ಅದೇ ರಸ್ತೆಯ ಅದೇ ತುಣುಕನ್ನು ಎರಡೂ ಬಗೆಯಲ್ಲಿ ದಾಟಿ ನೋಡಿ. ವ್ಯತ್ಯಾಸ ಕಾಣಲೇಬೇಕು. ಕಾಣದಿದ್ದರೆ ಆ ವ್ಯವಸ್ಥೆ ಕೆಟ್ಟಿರಬಹುದು, ಅಥವಾ ಯಾರೋ ಖರ್ಚು ಉಳಿಸಲು ಸಾದಾ ಶಾಕ್ ಅಬ್ಸಾರ್ಬರ್ ಹಾಕಿಸಿರಬಹುದು.

ವೈಟ್ ಟಾಪಿಂಗ್ ರಸ್ತೆಯ ಉಪಯೋಗ ಸದ್ದಿನ ಪರೀಕ್ಷೆಗೆ. ಕಾಂಕ್ರೀಟಿನ ಮೇಲೆ ಟೈರಿನ ಮೊರೆತ ಡಾಂಬರಿಗಿಂತ ಜೋರಾಗಿ ಕೇಳುತ್ತದೆ, ಬಟ್ಟೆಯ ಛಾವಣಿಯ ಕಾರಿನಲ್ಲಂತೂ ಇನ್ನೂ ಜೋರು. ವೇಗ ಏರಿದಂತೆ ಏರುವ ವುಂ ವುಂ ಸದ್ದು ಬಟ್ಟಲು ಸವೆತದಿಂದಲೂ ಬರಬಹುದು, ವೀಲ್ ಬೇರಿಂಗ್ ಹೋದರೂ ಬರಬಹುದು. ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದಾಗ ಸದ್ದು ಬದಲಾದರೆ ಬೇರಿಂಗ್, ಬದಲಾಗದಿದ್ದರೆ ಟೈರು ಎಂದು ಅಂದಾಜು ಮಾಡಬಹುದು. ಹೆದ್ದಾರಿಯಲ್ಲಿ 80 ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ತೊಂದರೆ ಮುಂದಿನ ಚಕ್ರದಲ್ಲಿ, ಸೀಟು ನಡುಗಿದರೆ ಹಿಂದಿನದರಲ್ಲಿ. ಬ್ಯಾಲೆನ್ಸಿಂಗ್‌ನಿಂದ ಹೋಗುವ ನಡುಕವಾದರೆ ಖರ್ಚು ಕೆಲವು ನೂರು ರೂಪಾಯಿ, ಬಾಗಿದ ರಿಮ್ಮಾದರೆ ಹಾಗಲ್ಲ.

ಕಾರಿನ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2018ರಲ್ಲಿ ಬಂದ ಪೀಳಿಗೆಯ ಜೆಡ್4ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2,470 ಮಿ.ಮೀ., 2017ರಲ್ಲಿ ಬಂದ ಪೀಳಿಗೆಯ ನಾಲ್ಕು ಸೀಟಿನ ಮರ್ಸಿಡಿಸ್ ಇ-ಕ್ಲಾಸ್ ಕ್ಯಾಬ್ರಿಯೊಲೆಯಲ್ಲಿ ಅದು 2,873 ಮಿ.ಮೀ. ಗಿಡ್ಡ ಕಾರು ಅಲೆಯಲೆಯಾದ ರಸ್ತೆಯಲ್ಲಿ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಉದ್ದ ಬಾನೆಟ್ಟಿನ ಎರಡು ಸೀಟಿನ ಕಾರುಗಳಲ್ಲಿ ನೀವು ಕುಳಿತಿರುವುದೂ ಹಿಂದಿನ ಚಕ್ರಗಳಿಗೆ ಹತ್ತಿರವಾದ್ದರಿಂದ ಹಿಂದಿನ ಪೆಟ್ಟು ನೇರ ಸೊಂಟಕ್ಕೆ ಬರುತ್ತದೆ. ಇದು ದೋಷವಲ್ಲ, ಆ ಜಾತಿಯ ಗುಣ. ಬೆನ್ನುನೋವಿರುವವರು ಇದನ್ನು ದುರಸ್ತಿಯಿಂದ ಸರಿಪಡಿಸಬಹುದೆಂದು ಭಾವಿಸಿ ಕೊಳ್ಳಬಾರದು.

ಛಾವಣಿ ತೆರೆದು ಅದೇ ದಾರಿಯಲ್ಲಿ ಮರಳಿ

ಸಾಮಾನ್ಯ ಕಾರಿನಲ್ಲಿ ಛಾವಣಿ ಮತ್ತು ಕಂಬಗಳು ಸೇರಿ ಬಾಡಿಯನ್ನು ಮುಚ್ಚಿದ ಪೆಟ್ಟಿಗೆಯಂತೆ ಬಿಗಿಹಿಡಿಯುತ್ತವೆ. ಮುಚ್ಚಳ ತೆಗೆದ ರಟ್ಟಿನ ಡಬ್ಬಿಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿದವರಿಗೆ ಕನ್ವರ್ಟಿಬಲ್ಲಿನ ಕಷ್ಟ ಅರ್ಥವಾಗುತ್ತದೆ. ಈ ಕೊರತೆ ತುಂಬಲು ಕಂಪನಿಗಳು ಬಾಗಿಲ ಕೆಳಗಿನ ತೊಲೆಗಳನ್ನೂ ಮುಂಗಾಜಿನ ಕಂಬಗಳನ್ನೂ ದಪ್ಪ ಮಾಡಿ, ಕಾರಿನ ತಳದಲ್ಲಿ ಅಡ್ಡಪಟ್ಟಿಗಳನ್ನು ಬೋಲ್ಟಿನಿಂದ ಬಿಗಿಯುತ್ತವೆ. ಅದೇ ಮಾದರಿಯ ಗಟ್ಟಿ ಛಾವಣಿಯ, ಎರಡು ಬಾಗಿಲಿನ ಕೂಪೆಗಿಂತ ಕನ್ವರ್ಟಿಬಲ್ ಹೆಚ್ಚು ಭಾರವಿರುವುದು ಇದರಿಂದಲೇ. ಇಷ್ಟಾದರೂ ಪೂರ್ತಿ ಬಿಗಿ ಬರುವುದಿಲ್ಲ. ಗುಂಡಿಗೆ ಇಳಿದಾಗ ಮುಂಗಾಜಿನ ಚೌಕಟ್ಟು, ಡ್ಯಾಶ್‌ಬೋರ್ಡು, ಕನ್ನಡಿ ಒಂದೊಂದೂ ತನ್ನ ಪಾಡಿಗೆ ತಾನು ನಡುಗುವುದನ್ನು ಮೆಕ್ಯಾನಿಕ್‌ಗಳು ಸ್ಕಟಲ್ ಶೇಕ್ ಎನ್ನುತ್ತಾರೆ.

ಇದನ್ನು ಅಳೆಯುವ ಉಪಾಯ ಸುಲಭ. ಛಾವಣಿ ತೆರೆದು, ಈಗಷ್ಟೇ ಹೋಗಿ ಬಂದ ಒಳರಸ್ತೆಯಲ್ಲೇ ಅದೇ ವೇಗದಲ್ಲಿ ಮರಳಿ ಬನ್ನಿ. ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟನ್ನು ಗಮನಿಸಲು ಜೊತೆಗಿರುವವರಿಗೆ ಹೇಳಿ. ಪ್ಯಾಚಿನ ಮೇಲೆ ಒಂದು ಕ್ಷಣ ಮಸುಕಾಗಿ ಮತ್ತೆ ಓದಲು ಬಂದರೆ ಪರವಾಗಿಲ್ಲ, ಇಡೀ ರಸ್ತೆ ಅಂಕಿಗಳು ಕದಡಿದ ನೀರಿನಂತೆ ಕಂಡರೆ ಬಾಡಿಯ ಬಿಗಿ ಕಡಿಮೆ. ಹಂಪಿನಲ್ಲಿ ಇನ್ನೂ ಸ್ಪಷ್ಟ ಉತ್ತರ ಸಿಗುತ್ತದೆ. ತಗ್ಗಿನ ಕಾರಿನವರು ತಳ ತಾಗದಿರಲೆಂದು ಹಂಪನ್ನು ಓರೆಯಾಗಿ ಹತ್ತಿಸುವುದು ನಮ್ಮಲ್ಲಿ ರೂಢಿ. ಹಾಗೆ ಹತ್ತಿದಾಗ ಒಂದು ಮೂಲೆ ಮೇಲೆದ್ದು ಎದುರು ಮೂಲೆ ಕೆಳಗುಳಿದು ಬಾಡಿ ತಿರುಚಿಕೊಳ್ಳುತ್ತದೆ. ನಡೆಯುವ ವೇಗದಲ್ಲಿ ಓರೆಯಾಗಿ ಹತ್ತಿಸುತ್ತಾ, ಪಕ್ಕದಲ್ಲಿ ಕುಳಿತವರು ಬಾಗಿಲ ಮೇಲಂಚಿಗೂ ಮುಂಗಾಜಿನ ಕಂಬಕ್ಕೂ ಒಂದೇ ಕೈಯ ಬೆರಳುಗಳನ್ನು ತಾಗಿಸಿ ಹಿಡಿದಿರಲಿ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದಿ ಬೆರಳಿಗೆ ತಿಳಿಯುವಷ್ಟು ಸರಿದಾಡಿದರೆ, ಕಿರಕಿರ ಸದ್ದೂ ಸೇರಿದರೆ, ಹಳೆಯ ಅಪಘಾತದ ದುರಸ್ತಿಯೇನಾದರೂ ಇದೆಯೇ ಎಂದು ಬಾಡಿ ಕೆಲಸ ಬಲ್ಲವರಿಂದ ನೋಡಿಸದೆ ಮುಂದುವರಿಯಬೇಡಿ.

ಛಾವಣಿ ಮುಚ್ಚಿದಾಗ ಇದ್ದ ಕಿರಕಿರ ತೆರೆದಾಗ ನಿಂತುಹೋದರೆ ಅದು ಛಾವಣಿಯ ಕೊಂಡಿ, ರಬ್ಬರು ಸೀಲುಗಳದು. ಒಣಗಿದ ಸೀಲಿಗೆ ಕಂಪನಿ ಹೇಳಿದ ಲೇಪನ ಹಚ್ಚಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತೆರೆದಾಗ ನಡುಕ ಹೆಚ್ಚಾದರೆ ಅದು ಬಾಡಿಯದು. ಎರಡೂ ಸ್ಥಿತಿಯಲ್ಲಿ ಪೆಟ್ಟು ಒಂದೇ ತೆರನಿದ್ದರೆ ಟೈರು, ಸಸ್ಪೆನ್ಷನ್‌ಗೇ ಮರಳಿ. 2010ರ ದಶಕದ ಜೆಡ್4, ಮರ್ಸಿಡಿಸ್ ಎಸ್‌ಎಲ್‌ಕೆಗಳಂತೆ ಲೋಹದ ಮಡಚುವ ಛಾವಣಿಯಿರುವ ಕಾರುಗಳಲ್ಲಿ ಹಲವು ತುಂಡುಗಳ ಜೋಡಣೆಯಿರುವುದರಿಂದ ಕಿರಕಿರದ ಪಾಲು ಹೆಚ್ಚು.

ಲಿಫ್ಟಿಗೆ ಏರಿಸಿ

ಇಷ್ಟರ ಮೇಲೆ ಕಾರು ಮನಸ್ಸಿಗೆ ಬಂದರೆ ಮಾರುವವರಿಗೂ ನಿಮಗೂ ಸಂಬಂಧವಿಲ್ಲದ ವರ್ಕ್‌ಷಾಪಿನಲ್ಲಿ ಲಿಫ್ಟಿಗೆ ಏರಿಸಿ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದ ಗುರುತು, ಬುಷ್‌ಗಳ ಬಿರುಕು ಇವನ್ನು ಯಾವ ಮೆಕ್ಯಾನಿಕ್ಕಾದರೂ ನೋಡುತ್ತಾನೆ. ಕನ್ವರ್ಟಿಬಲ್ಲಿಗೆ ವಿಶೇಷವಾಗಿ ಕೇಳಬೇಕಾದದ್ದು ತಳದ ಅಡ್ಡಪಟ್ಟಿಗಳ ಬಗ್ಗೆ. ಗೇರ್‌ಬಾಕ್ಸ್ ಅಥವಾ ಎಕ್ಸಾಸ್ಟ್ ಕೆಲಸಕ್ಕೆಂದು ಅವನ್ನು ಬಿಚ್ಚಿ, ಮರಳಿ ಹಾಕುವಾಗ ಒಂದೆರಡು ಬೋಲ್ಟು ಬಿಟ್ಟಿರಬಹುದು, ಅಥವಾ ಹೇಳಿದ ಬಿಗಿಗೆ ತಿರುಗಿಸದೆ ಬಿಟ್ಟಿರಬಹುದು. ಹಂಪುಗಳಿಗೆ ಉಜ್ಜಿ ಪಟ್ಟಿಯೇ ಬಾಗಿರಬಹುದು. ‘ಬಾಡಿ ಸಡಿಲ’ ಎಂದು ನಾವು ತೀರ್ಪು ಕೊಟ್ಟ ಕಾರು ಆರು ಬೋಲ್ಟು ಬಿಗಿದ ಮೇಲೆ ಸುಧಾರಿಸುವ ಸಾಧ್ಯತೆ ಇಲ್ಲಿದೆ. ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ತಿದ್ದುವ ಮೊದಲಿನ ಮತ್ತು ಆಮೇಲಿನ ಅಂಕಿಗಳಿರುವ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ತಿದ್ದಿದ ಮೇಲೂ ಕೆಂಪಿನಲ್ಲೇ, ಅಂದರೆ ಮಿತಿಯ ಹೊರಗೇ, ಉಳಿದ ಅಂಕಿಯೆಂದರೆ ಬಾಗಿದ ಆರ್ಮ್ ಅಥವಾ ಹರಿದ ಬುಷ್.

ಲೆಕ್ಕ, ಚೌಕಾಸಿ, ಹೊಸ ಟೈರು

ಆರು ವರ್ಷ ದಾಟಿದ ಟೈರುಗಳಿದ್ದರೆ, ಗೀರು ಎಷ್ಟೇ ಆಳವಿರಲಿ, ನಾಲ್ಕು ಹೊಸ ಟೈರಿನ ಪೂರ್ತಿ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯುವಂತೆ ಕೇಳುವುದು ನ್ಯಾಯವೇ. 19 ಇಂಚಿನ ರನ್‌ಫ್ಲ್ಯಾಟ್‌ಗಳಾದರೆ ನಾಲ್ಕಕ್ಕೆ ಲಕ್ಷ ದಾಟುವುದು ಸಾಮಾನ್ಯವಾದ್ದರಿಂದ ಇದು ಸಣ್ಣ ಮೊತ್ತವಲ್ಲ. ‘ಎರಡು ಹೊಸ ಟೈರು ಹಾಕಿಸಿಕೊಡುತ್ತೇವೆ’ ಎಂಬ ಮಾತಿಗೆ ತಲೆಯಾಡಿಸುವ ಮೊದಲು ಯಾವ ಕಂಪನಿ, ಯಾವ ಮಾದರಿ, ಯಾವ ವಾರದ್ದು ಎಂದು ಬರೆಸಿಕೊಳ್ಳಿ. ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಕಾರಿನಲ್ಲಿ ಒಂದು ಜೊತೆ ಹೊಸದು, ಇನ್ನೊಂದು ಜೊತೆ ಸವೆದದ್ದು ಎಂದಾದರೆ ಸುತ್ತಳತೆಯ ವ್ಯತ್ಯಾಸದ ಹೊರೆ ಗೇರು ವ್ಯವಸ್ಥೆಯ ಮೇಲೆ ಬೀಳುತ್ತದೆ. ಹಿಂದೆ ಅಗಲ, ಮುಂದೆ ಕಿರಿದು ಟೈರಿರುವ ಕಾರುಗಳಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸುವ ದಾರಿಯೂ ಇಲ್ಲ. ಹಿಂದಿನ ಜೋಡಿ ಬೇಗ ಮುಗಿಯುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮಾತು ಕೊಡುವ ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮಗೆ ಗೊತ್ತಿರುವ ಟೈರು ಅಂಗಡಿಯಲ್ಲೋ ಆ ಅಳತೆ ಸಿಗುತ್ತದೆಯೇ ಎಂದು ವಿಚಾರಿಸಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿ ಕಡ್ಡಾಯ ಮಾಡಿದ ಮೇಲೆ, ಅಪರೂಪದ ಅಳತೆಗಳಿಗೆ, ಅದರಲ್ಲೂ ಕಂಪನಿಯ ಒಪ್ಪಿಗೆಯ ಗುರುತಿರುವವಕ್ಕೆ ಕಾಯಬೇಕಾಗುವುದುಂಟು. ಸಿಕ್ಕ ಹೊಸ ಟೈರಿನ ವಾರ, ವರ್ಷವನ್ನೂ ನೋಡಿಯೇ ಹಾಕಿಸಿ. ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಕುಳಿತ ಟೈರೂ ಬಿಲ್ಲಿನಲ್ಲಿ ಹೊಸದೇ.

ರನ್‌ಫ್ಲ್ಯಾಟ್ ತೆಗೆದು ಸಾದಾ ಟೈರು ಹಾಕಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಓಡಾಟವನ್ನು ಅವಲಂಬಿಸಿದೆ. ಊರೊಳಗೆ ಹೆಚ್ಚು ಓಡಿಸುವವರಿಗೆ ಸಾದಾ ಟೈರಿನಿಂದ ಸಿಗುವ ಹಿತ ದೊಡ್ಡದು. ಆದರೆ ಇಂಥ ಕಾರುಗಳಲ್ಲಿ ಸ್ಟೆಪ್ನಿ ಇಡಲು ಜಾಗವೇ ಇರುವುದಿಲ್ಲ, ಛಾವಣಿ ಮಡಚಿದರೆ ಹಲವು ಕಾರುಗಳಲ್ಲಿ ಡಿಕ್ಕಿಯೂ ಕಿರಿದಾಗುತ್ತದೆ. ಹೀಗಾಗಿ ಗಾಳಿ ತುಂಬುವ ಪುಟ್ಟ ಪಂಪು, ಪಂಕ್ಚರ್ ಮುಚ್ಚುವ ದ್ರವ, ರಸ್ತೆ ನೆರವಿನ ಚಂದಾ ಮೂರೂ ಇರಬೇಕು. ರಾತ್ರಿ ಹೊತ್ತು ಘಟ್ಟದ ದಾರಿ ಹಿಡಿಯುವ ಅಭ್ಯಾಸವಿರುವವರು ರನ್‌ಫ್ಲ್ಯಾಟನ್ನೇ ಇಟ್ಟುಕೊಳ್ಳಲಿ. ಎರಡನ್ನೂ ಬೆರೆಸಿ ಹಾಕುವುದಂತೂ ಬೇಡ.

ಹಿತ ಹೆಚ್ಚಿಸುವ ಇನ್ನೊಂದು ದಾರಿ ರಿಮ್ಮನ್ನು ಒಂದಿಂಚು ಇಳಿಸುವುದು. 245/40 ಆರ್ 19 ಟೈರಿನ ಒಟ್ಟು ವ್ಯಾಸ ಸುಮಾರು 679 ಮಿ.ಮೀ., 245/45 ಆರ್ 18ರದು 678. ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಬದಿಯ ಗೋಡೆ ಮಾತ್ರ 98ರಿಂದ 110 ಮಿ.ಮೀ.ಗೆ ಏರುತ್ತದೆ. ಆದರೆ ಸಣ್ಣ ರಿಮ್ಮು ಬ್ರೇಕಿನ ಕ್ಯಾಲಿಪರಿಗೆ (ಬ್ರೇಕಿನ ತಟ್ಟೆಯನ್ನು ಹಿಡಿದು ನಿಲ್ಲಿಸುವ ಭಾಗ) ತಾಗದೆ ಕೂರಬೇಕು, ಆ ಅಳತೆ ನಿಮ್ಮ ಎಂಜಿನ್ ಮಾದರಿಗೆ ಕಂಪನಿಯ ಕೈಪಿಡಿಯಲ್ಲಿ ನಮೂದಾಗಿರಬೇಕು. ಟೈರು ಹೊರಬಲ್ಲ ಭಾರ ಮತ್ತು ತಾಳಬಲ್ಲ ವೇಗದ ದರ್ಜೆಯೂ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆಯಿರಬಾರದು.

ಕೊನೆಗೆ, ದುಡ್ಡು ಎಣಿಸುವ ಮೊದಲು ಡಿಕ್ಕಿಯ ಹಾಸನ್ನು ಎತ್ತಿ, ಚಕ್ರ ಕದಿಯದಂತೆ ಹಾಕುವ ಲಾಕ್ ಬೋಲ್ಟಿನ ಕೀ ಇದೆಯೇ ನೋಡಿ. ಹೆಬ್ಬೆರಳಿನ ಗಾತ್ರದ ಆ ಕಬ್ಬಿಣದ ತುಂಡು ಕಳೆದಿದ್ದರೆ ಪಂಕ್ಚರ್ ಹಾಕುವವನು ಚಕ್ರ ಬಿಚ್ಚಲಾರ. ಬಲವಂತವಾಗಿ ಬಿಚ್ಚಹೋಗಿ ರಿಮ್ಮು ಕೆಡಿಸುತ್ತಾನೆ. ಇದ್ದರೆ ಆ ಕೀಯನ್ನು ನಿಮ್ಮ ಎದುರಿಗೇ ನಾಲ್ಕೂ ಚಕ್ರದ ಲಾಕ್ ಬೋಲ್ಟಿಗೆ ಕೂರಿಸಿ ನೋಡಿಸಿ. ಹೊಸ ಟೈರು ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ಬೋಲ್ಟುಗಳನ್ನು ನಿಗದಿತ ಬಿಗಿಗೆ ತಿರುಗಿಸುವ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು. ಕಾರು ವಾರಗಟ್ಟಲೆ ನಿಲ್ಲುವುದಾದರೆ ವಾರಕ್ಕೊಮ್ಮೆ ಅರ್ಧ ಚಕ್ರದಷ್ಟಾದರೂ ಮುಂದೆ ಸರಿಸಿ ನಿಲ್ಲಿಸುವಂತೆ ಮನೆಯವರಿಗೋ ಕಾವಲಿನವರಿಗೋ ಹೇಳಿಡಿ.